ಕಾಳು ಮೊಳೆಯುತ್ತದೆ, ಬೇಳೆ ಏಕೆ ಮೊಳೆಯುವುದಿಲ್ಲ?

ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ವಿಜ್ಞಾನವನ್ನೂ ಓದುಬರಹವನ್ನೂ ಒಟ್ಟಿಗೆ ಕಲಿಸುವ ಎರಡು ವಾರದ ಕ್ರಮ

ಮೂರನೇ ತರಗತಿ ಮುಗಿಸುವ ಹೊತ್ತಿಗೆ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, ಬರೆಯಬೇಕು, ಸರಳ ಲೆಕ್ಕ ಮಾಡಬೇಕು ಎಂಬ ಗುರಿಯೊಡನೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಪುಣ್ ಭಾರತ್ ಕಾರ್ಯಕ್ರಮವನ್ನು ಆರಂಭಿಸಿತು. 2026–27ರೊಳಗೆ ಆ ಗುರಿಯನ್ನು ಮುಟ್ಟಬೇಕೆಂಬ ಗಡುವೂ ಇದೆ. ಗುರಿಯ ಬಗ್ಗೆ ತಕರಾರಿಲ್ಲ. ಆದರೆ ಅಕ್ಷರಕ್ಕೂ ಲೆಕ್ಕಕ್ಕೂ ವೇಳಾಪಟ್ಟಿಯಲ್ಲಿ ಜಾಗ ಹೆಚ್ಚಿದಂತೆಲ್ಲ ಪರಿಸರ ಅಧ್ಯಯನದ ಅವಧಿ ‘ಸಮಯ ಉಳಿದರೆ ನೋಡೋಣ’ ಎಂಬ ಸ್ಥಿತಿಗೆ ಇಳಿಯುವ ಅಪಾಯವಿರುವುದನ್ನು ಕೆಳ ತರಗತಿಗಳಲ್ಲಿ ಪಾಠ ಮಾಡಿದವರು ಬಲ್ಲರು. ಎರಡನ್ನೂ ಒಂದೇ ಅವಧಿಯಲ್ಲಿ, ಒಂದರಿಂದ ಇನ್ನೊಂದಕ್ಕೆ ಬಲ ಬರುವಂತೆ ನಡೆಸಲು ಸಾಧ್ಯ. ಅದಕ್ಕೆ ಒಂದು ಹಿಡಿ ಹೆಸರುಕಾಳು, ಒಂದು ಹಿಡಿ ಹೆಸರುಬೇಳೆ ಮತ್ತು ಶೀರ್ಷಿಕೆಯಲ್ಲಿರುವ ಪ್ರಶ್ನೆ ಸಾಕು.

ಸಿದ್ಧತೆ

ಕಾಳನ್ನು ಅಡುಗೆಮನೆಯಿಂದಲೇ ತನ್ನಿ. ಬಿತ್ತನೆಗೆಂದು ಮಾರುವ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ, ಮಕ್ಕಳ ಕೈಗೆ ಅದು ಸಲ್ಲದು. ಮೂರು ಬಟ್ಟಲುಗಳು ಬೇಕು: ಒಂದರಲ್ಲಿ ನೀರಿನೊಂದಿಗೆ ಹತ್ತು ಹೆಸರುಕಾಳು, ಇನ್ನೊಂದರಲ್ಲಿ ನೀರಿನೊಂದಿಗೆ ಹತ್ತು ಹೆಸರುಬೇಳೆ, ಮೂರನೆಯದರಲ್ಲಿ ನೀರಿಲ್ಲದೆ ಹತ್ತು ಹೆಸರುಕಾಳು. ಎಣಿಸಿ ಹಾಕುವುದು ಮುಖ್ಯ. ‘ತುಂಬಾ ಮೊಳೆತವು’ ಎನ್ನುವ ಮಗು ‘ಹತ್ತರಲ್ಲಿ ಎಂಟು ಮೊಳೆತವು’ ಎನ್ನಲು ಕಲಿಯುವುದು ಇಲ್ಲಿಂದಲೇ. ಕೆಲಸವನ್ನು ಸೋಮವಾರ ಬೆಳಿಗ್ಗೆ ಆರಂಭಿಸಿ. ಗುರುವಾರ ನೆನೆಹಾಕಿದರೆ ನೋಡಬೇಕಾದ ದಿನಗಳೆಲ್ಲ ವಾರಾಂತ್ಯಕ್ಕೆ ಸಿಕ್ಕಿ, ಸೋಮವಾರ ಬಾಗಿಲು ತೆರೆದಾಗ ಬೂಷ್ಟು ಹಿಡಿದ ಮುದ್ದೆಯೊಂದು ಮೂಗಿಗೆ ಸ್ವಾಗತ ಕೋರುತ್ತದೆ.

ಮಕ್ಕಳಿಗೊಂದು ಪುಸ್ತಕವೂ ಬೇಕು. ಮೂರು ಬಿಳಿ ಹಾಳೆಗಳನ್ನು ಒಂದರೊಳಗೊಂದು ಇಟ್ಟು ನಡುವೆ ಮಡಿಸಿ ದಾರದಿಂದ ಹೊಲಿದರೆ ಹನ್ನೆರಡು ಪುಟಗಳಾಗುತ್ತವೆ. ಗೆರೆ ಇಲ್ಲದ ಹಾಳೆಯೇ ಒಳ್ಳೆಯದು, ಏಕೆಂದರೆ ಪ್ರತಿ ಪುಟದ ಮೇಲರ್ಧ ಚಿತ್ರಕ್ಕೆ ಮೀಸಲು. ಕೊನೆಯ ಎರಡು ಪುಟಗಳನ್ನು ಖಾಲಿ ಬಿಡಲು ಹೇಳಿ. ಕಾರಣವನ್ನು ಈಗಲೇ ಹೇಳಬೇಡಿ.

ಮೊದಲು ಮಾತು, ಬರಹ ಆಮೇಲೆ

ಮೊದಲ ಅವಧಿಯಲ್ಲಿ ಪೆನ್ಸಿಲ್ ಮುಟ್ಟಬಾರದು. ನಾಲ್ಕೈದು ಮಕ್ಕಳ ಗುಂಪಿಗೆ ಒಂದಿಷ್ಟು ಕಾಳು, ಒಂದಿಷ್ಟು ಬೇಳೆ ಕೊಟ್ಟು, ಮುಟ್ಟಿ, ಉರುಳಿಸಿ, ಮೂಸಿ ನೋಡಿ ಎರಡಕ್ಕೂ ಏನು ವ್ಯತ್ಯಾಸ ಎಂದು ಹೇಳಲು ಬಿಡಿ. ಹಸಿರು, ಹಳದಿ, ಗುಂಡಗೆ, ಚಪ್ಪಟೆ, ನುಣುಪು, ಸಿಪ್ಪೆ, ಹೋಳು — ಪದಗಳು ತಾವಾಗಿ ಬರುತ್ತವೆ. ಬಂದ ಪದವನ್ನು ಕೂಡಲೇ ದೊಡ್ಡ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಮನೆಮಾತು ಬೇರೆಯಾದ ಮಕ್ಕಳಿದ್ದರೆ ಅವರ ಪದಕ್ಕೂ ಗೋಡೆಯಲ್ಲಿ ಜಾಗವಿರಲಿ: ತುಳುವಿನ ಮಗು ‘ಪದೆಂಗಿ’ ಎನ್ನಬಹುದು, ಉರ್ದು ಮಾತಾಡುವ ಮಗು ‘ಮೂಂಗ್’ ಎನ್ನಬಹುದು. ತನಗೆ ಗೊತ್ತಿರುವ ವಸ್ತುವಿನ ಹೆಸರು ಗೊತ್ತಿಲ್ಲದಂತೆ ಕೂರಬೇಕಾದ ಮಗು ವಿಜ್ಞಾನವನ್ನೂ ಕಲಿಯದು, ಕನ್ನಡವನ್ನೂ ಕಲಿಯದು.

ನಂತರ ಪ್ರಶ್ನೆ ಕೇಳಿ: ಮೂರು ಬಟ್ಟಲುಗಳಲ್ಲಿ ಯಾವುದರಲ್ಲಿ ಮೊಳಕೆ ಬಂದೀತು? ಮನೆಯಲ್ಲಿ ಮೊಳಕೆಕಾಳಿನ ಸಾರು ತಿಂದ ಮಕ್ಕಳು ಮೊದಲ ಬಟ್ಟಲಿನ ಬಗ್ಗೆ ಧೈರ್ಯವಾಗಿ ಹೇಳುತ್ತಾರೆ; ಬೇಳೆಯ ವಿಷಯದಲ್ಲಿ ತರಗತಿ ಒಡೆಯುತ್ತದೆ. ಪ್ರತಿಯೊಬ್ಬರ ಊಹೆಯನ್ನೂ ಹೆಸರಿನ ಸಮೇತ ಚಾರ್ಟಿನ ಮೇಲೆ, ಅವರಾಡಿದ ಮಾತಿನಲ್ಲೇ ಬರೆಯಿರಿ. ‘ಬ್ಯಾಳಿನೂ ಮೊಳಕಿ ಒಡಿತೈತ್ರಿ’ ಎಂದರೆ ಹಾಗೆಯೇ ಬರೆಯಿರಿ. ತಿದ್ದಿ ಗ್ರಾಂಥಿಕ ಮಾಡುವ ಕೆಲಸಕ್ಕೆ ಆಮೇಲೆ ಬೇಕಾದಷ್ಟು ಸಮಯವಿದೆ. ತಾನು ಈಗತಾನೆ ಆಡಿದ ಮಾತು ಅಕ್ಷರವಾಗಿ ಎದುರಿಗೆ ನಿಂತದ್ದನ್ನು ನೋಡುವ ಮಗು, ಇನ್ನೂ ಕಾಗುಣಿತ ಕಲಿಯದಿದ್ದರೂ, ಬೆರಳಿಟ್ಟು ‘ಓದಲು’ ಪ್ರಯತ್ನಿಸುತ್ತದೆ. ಮೊದಲ ಸಲ ಇದನ್ನು ಮಾಡಿದಾಗ ನಾನೊಂದು ತಪ್ಪು ಮಾಡಿದ್ದೆ: ಬೇಳೆ ಮೊಳೆಯಲಿಲ್ಲವೆಂದು ತಿಳಿದ ಕೂಡಲೇ ತಪ್ಪಾದ ಊಹೆಗಳನ್ನು ಅಳಿಸಿಹಾಕಿದೆ. ಮರುದಿನದಿಂದ ಯಾರೂ ಊಹಿಸಲು ಮುಂದಾಗಲಿಲ್ಲ. ಊಹೆಯ ಚಾರ್ಟು ಕೊನೆಯವರೆಗೂ ಗೋಡೆಯ ಮೇಲೆಯೇ ಇರಬೇಕು.

ಕಂಡದ್ದನ್ನು ಬಿಡಿಸುವುದು

ಸಂಜೆ ಶಾಲೆ ಬಿಡುವ ಮುನ್ನ ನೀರು ಬಸಿದು, ನೆನೆದ ಕಾಳನ್ನೂ ಬೇಳೆಯನ್ನೂ ಬೇರೆಬೇರೆ ಒದ್ದೆಬಟ್ಟೆಗಳಲ್ಲಿ ಸಡಿಲವಾಗಿ ಸುತ್ತಿಡಿ. ಮಂಗಳವಾರ ಬೆಳಿಗ್ಗೆ ಕೆಲವು ಕಾಳುಗಳಲ್ಲಾದರೂ ಬಿಳಿಯ ತುದಿ ಇಣುಕಿರುತ್ತದೆ. ಚಳಿಗಾಲವಾದರೆ ಬುಧವಾರದವರೆಗೆ ಕಾಯಬೇಕಾದೀತು. ಈಗ ಪುಸ್ತಕ ತೆರೆಯಲಿ. ಮೇಲೆ ದಿನಾಂಕ, ಅದರ ಕೆಳಗೆ ಚಿತ್ರ, ಚಿತ್ರದ ಭಾಗಗಳಿಗೆ ಗೆರೆ ಎಳೆದು ಹೆಸರು, ಅಡಿಯಲ್ಲಿ ಒಂದು ವಾಕ್ಯ. ಮಕ್ಕಳು ಮೊದಲ ದಿನ ಎರಡು ಎಲೆ, ಒಂದು ಹೂವು, ಮೂಲೆಯಲ್ಲಿ ನಗುವ ಸೂರ್ಯ ಇರುವ ಚಿತ್ರವನ್ನೇ ಬಿಡಿಸುತ್ತಾರೆ. ಬೈಯಬೇಡಿ. ‘ಬಟ್ಟೆಯೊಳಗೆ ಸೂರ್ಯ ಎಲ್ಲಿ ಕಂಡ?’ ಎಂದು ಕೇಳಿದರೆ ಸಾಕು, ನಗುತ್ತಾ ಮತ್ತೆ ಕಾಳಿನತ್ತ ನೋಡುತ್ತಾರೆ. ಕಾಳಿನಿಂದ ಮೊದಲು ಹೊರಬಂದದ್ದು ಎಲೆಯಲ್ಲ, ಬೇರು ಎಂಬುದು ಆಗ ಅವರಿಗೆ ತಾವಾಗಿಯೇ ಕಾಣುತ್ತದೆ.

ಅಳತೆಗೆ ಸ್ಕೇಲಿಗಿಂತ ದಾರ ಮೇಲು. ಪ್ರತಿದಿನ ಒಂದೇ ಕಾಳಿನ ಬೇರಿನ ಉದ್ದಕ್ಕೆ ದಾರ ಕತ್ತರಿಸಿ ಆ ದಿನದ ಪುಟದ ಅಂಚಿಗೆ ಅಂಟಿಸುತ್ತಾ ಹೋದರೆ, ವಾರದ ಕೊನೆಗೆ ಪುಟ ತಿರುವಿದಂತೆಲ್ಲ ದಾರ ಉದ್ದವಾಗುವುದು ಕಾಣುತ್ತದೆ. ಮೂರನೇ ತರಗತಿಯವರು ಅದೇ ದಾರವನ್ನು ಸ್ಕೇಲಿಗೆ ಹಿಡಿದು ಸೆಂಟಿಮೀಟರ್ ಬರೆಯಲಿ.

ಕಾಗುಣಿತಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಕಷ್ಟ. ‘ಕಾಳು ಮೊಳೆಯಿತು’ ಎಂದು ಬರೆಯಹೋಗಿ ‘ಕಾಲು ಮೊಳೆಯಿತು’ ಎಂದು ಬರೆದವರ ವಾಕ್ಯವನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ, ನಗೆಯೇ ತಿದ್ದುತ್ತದೆ. ಬೇಳೆ, ಬೆಳೆ, ಬೆಲೆ ಎಂಬ ಮೂರು ಪದಗಳನ್ನು ಅಕ್ಕಪಕ್ಕ ಬರೆದು, ಒಂದು ದೀರ್ಘ ಬಿಟ್ಟರೆ, ಒಂದು ‘ಳ’ಕಾರ ತಪ್ಪಿದರೆ ಅಡುಗೆಮನೆಯಿಂದ ಹೊಲಕ್ಕೂ ಹೊಲದಿಂದ ಅಂಗಡಿಗೂ ಹೋಗಿಬಿಡುತ್ತೇವೆ ಎಂದು ತೋರಿಸಿ. ‘ಸಿಪ್ಪೆ’ಯ ಒತ್ತಕ್ಷರವನ್ನು ಸಿಪ್ಪೆ ಸುಲಿಯುವ ದಿನವೇ ಕಲಿಸಬೇಕು.

ಬಂದೀತು, ಬಂತು, ಬರುತ್ತದೆ, ಬಂತಂತೆ

ನನ್ನ ಮಟ್ಟಿಗೆ ಇಡೀ ಕ್ರಮದ ತಿರುಳು ಇದು. ವಿಜ್ಞಾನದಲ್ಲಿ ಊಹೆ ಬೇರೆ, ಕಂಡದ್ದು ಬೇರೆ, ಎಲ್ಲ ಸಂದರ್ಭಕ್ಕೂ ಹೊಂದುವ ಮಾತು ಬೇರೆ, ಇನ್ನೊಬ್ಬರಿಂದ ಕೇಳಿದ್ದು ಬೇರೆ. ಈ ನಾಲ್ಕನ್ನೂ ಬೇರ್ಪಡಿಸಲು ಕನ್ನಡದ ಕ್ರಿಯಾಪದವೇ ನಮಗೆ ನಾಲ್ಕು ರೂಪಗಳನ್ನು ಕೊಟ್ಟಿದೆ. ‘ನಾಳೆ ಮೊಳಕೆ ಬಂದೀತು’ ಎನ್ನುವುದು ಊಹೆ (‘ಬರಬಹುದು’ ಎಂದರೂ ಸರಿಯೇ). ‘ಎಂಟು ಕಾಳಿಗೆ ಮೊಳಕೆ ಬಂತು’ ಎನ್ನುವುದು ಕಂಡದ್ದು. ‘ನೀರು ಹಾಕಿದರೆ ಮೊಳಕೆ ಬರುತ್ತದೆ’ ಎನ್ನುವುದು ಕಂಡದ್ದರಿಂದ ಕಟ್ಟಿದ ನಿಯಮ. ‘ಬಿಸಿನೀರು ಹಾಕಿದರೆ ಬೇಗ ಮೊಳಕೆ ಬರುತ್ತದಂತೆ, ಅಜ್ಜಿ ಹೇಳಿದರು’ ಎನ್ನುವುದು ಕೇಳಿದ್ದು. ಆರು ವರ್ಷದ ಮಗು ಮಾತಿನಲ್ಲಿ ಇವನ್ನೆಲ್ಲ ಆಗಲೇ ತಪ್ಪಿಲ್ಲದೆ ಬಳಸುತ್ತಿರುತ್ತದೆ. ಬರಹದಲ್ಲಿ ಬಳಸಲು ಹೇಳಿಕೊಡುವುದಷ್ಟೇ ಶಿಕ್ಷಕರ ಪಾಲಿನ ಕೆಲಸ. ಗೋಡೆಯ ಮೇಲೆ ನಾಲ್ಕು ಅಂಕಣಗಳನ್ನು ಮಾಡಿ, ಮಕ್ಕಳು ಹೇಳಿದ ವಾಕ್ಯ ಯಾವ ಅಂಕಣಕ್ಕೆ ಸೇರಬೇಕೆಂದು ಅವರೇ ನಿರ್ಧರಿಸಲಿ. ‘ಅಂತೆ’ಯ ಅಂಕಣದಲ್ಲಿರುವುದನ್ನು ಪರೀಕ್ಷಿಸಿ ‘ಬಂತು’ವಿನ ಅಂಕಣಕ್ಕೆ ತರಬಹುದೇ ಎಂದು ಕೇಳಿದ ದಿನ ಅಜ್ಜಿಯ ಬಿಸಿನೀರಿಗಾಗಿ ನಾಲ್ಕನೆಯ ಬಟ್ಟಲು ಬೇಕಾಗುತ್ತದೆ. ಆ ನೀರು ಕೈ ಸುಡದಷ್ಟು ಬೆಚ್ಚಗಿದ್ದರೆ ಸಾಕು, ಮತ್ತು ಅದನ್ನು ಶಿಕ್ಷಕರೇ ಹಾಕಬೇಕು.

ಬೇಳೆಯ ಗುಟ್ಟು

ಬೇಳೆ ಮೊಳೆಯಲಿಲ್ಲವೇಕೆ ಎಂಬುದನ್ನು ಹೇಳಿಬಿಡುವ ಆಸೆಯನ್ನು ಗುರುವಾರದವರೆಗೆ ತಡೆದುಕೊಳ್ಳಿ. ಬುಧವಾರ ರಾತ್ರಿ ಒಂದು ಹಿಡಿ ಒಣ ಅವರೆಕಾಳು ನೆನೆಹಾಕಿ ತನ್ನಿ. ಅವರೆಯ ಕಾಲದಲ್ಲಿ ಮನೆಯವರೊಡನೆ ಕೂತು ಕಾಳು ಹಿತುಕಿದ ಮಕ್ಕಳಿಗೆ ಮುಂದಿನದನ್ನು ಯಾರೂ ಹೇಳಿಕೊಡಬೇಕಿಲ್ಲ: ಬೆರಳುಗಳ ನಡುವೆ ಹಿತುಕಿದರೆ ಸಿಪ್ಪೆ ಜಾರಿ ಬೇಳೆ ಹೊರಬೀಳುತ್ತದೆ. ಆ ಬೇಳೆಯನ್ನು ಮೆಲ್ಲನೆ ಎರಡಾಗಿ ಬಿಡಿಸಿದಾಗ, ಎರಡು ಹೋಳುಗಳ ನಡುವೆ ಒಂದು ಅಂಚಿನಲ್ಲಿ ಪುಟ್ಟ ಮೊಗ್ಗಿನಂಥದ್ದು ಕಾಣುತ್ತದೆ. ಗಿಡವಾಗುವುದು ಅದೇ, ಎರಡು ಹೋಳುಗಳು ಅದಕ್ಕೆ ಕಟ್ಟಿಕೊಟ್ಟ ಬುತ್ತಿ. ಕಾಳನ್ನು ಒಡೆದು ಬೇಳೆ ಮಾಡುವಾಗ ಆ ಮೊಗ್ಗು ಮುರಿದು ಉದುರಿಹೋಗುತ್ತದೆ, ಬುತ್ತಿ ಮಾತ್ರ ನಮ್ಮ ಸಾರಿಗೆ ಉಳಿಯುತ್ತದೆ. ದೊಡ್ಡ ತರಗತಿಯಲ್ಲಿ ‘ದ್ವಿದಳ ಧಾನ್ಯ’ ಎಂಬ ಪದವನ್ನು ಉರುಹೊಡೆಯುವ ಬದಲು, ಎರಡು ದಳಗಳನ್ನು ಅಂಗೈಯಲ್ಲಿಟ್ಟುಕೊಂಡ ಇದೇ ಗಳಿಗೆಯಲ್ಲಿ ಆ ಪದವನ್ನು ಹೇಳಿಬಿಡಬಹುದು. ‘ಏಕೆಂದರೆ’ ಎಂಬ ಪದ ಬಳಸಿ ಒಂದು ವಾಕ್ಯ ಬರೆಯುವುದು ಅಂದಿನ ಬರಹ.

ನಲಿ–ಕಲಿಯ ಕೋಣೆಯಲ್ಲಿ

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿ ಪದ್ಧತಿಯಲ್ಲಿ ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಈ ಕೆಲಸಕ್ಕೆ ಅದು ಅನುಕೂಲವೇ. ಒಂದನೆಯವರು ಚಿತ್ರ ಬಿಡಿಸಿ ಬಾಯಲ್ಲಿ ಹೇಳಲಿ, ಎರಡನೆಯವರು ಭಾಗಗಳಿಗೆ ಹೆಸರು ಬರೆದು ಒಂದು ವಾಕ್ಯ ಸೇರಿಸಲಿ, ಮೂರನೆಯವರು ಮೂರು ನಾಲ್ಕು ವಾಕ್ಯ ಬರೆದು ಚಿಕ್ಕವರಿಗೆ ಓದಿಹೇಳಲಿ.

ಪುಸ್ತಕ ಓದುವುದು ಎರಡನೇ ವಾರದ ಕೆಲಸ. ಮೊದಲೇ ಓದಿದರೆ ಮಕ್ಕಳು ಕಾಳನ್ನು ನೋಡದೆ ಪುಸ್ತಕದ ಮಾತನ್ನೇ ಒಪ್ಪಿಸುತ್ತಾರೆ. ನೋಡಿದ ಮೇಲೆ ಓದಿದರೆ ಪುಸ್ತಕವನ್ನೇ ಪ್ರಶ್ನಿಸುತ್ತಾರೆ. ಶಾಲೆಯ ಓದುವ ಮೂಲೆಯಲ್ಲಿ ಬೀಜದ ಬಗ್ಗೆ ಏನೂ ಇಲ್ಲದಿದ್ದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಬೀಜ ಮಾತಾಡುವ ಕಥೆಯೊಂದು, ಬೀಜದ ಮಾಹಿತಿ ಹೇಳುವ ಪುಸ್ತಕವೊಂದು ಇರಲಿ. ಯಾವುದರ ಯಾವ ಮಾತನ್ನು ನಮ್ಮ ಬಟ್ಟಲಿನಲ್ಲಿ ಕಂಡೆವು, ಯಾವುದನ್ನು ಕಾಣಲಿಲ್ಲ ಎಂಬ ಚರ್ಚೆಗೆ ಒಂದು ಅವಧಿ ಪೂರ್ತಿ ಕೊಡಿ.

ಮೌಲ್ಯಮಾಪನಕ್ಕೆ ಬೇರೆ ಪರೀಕ್ಷೆ ಬೇಡ. ಒಂದೇ ಮಗುವಿನ ಮೊದಲ ಪುಟವನ್ನೂ ಇತ್ತೀಚಿನ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಕ್ಷರ ಎಷ್ಟು ಸುಧಾರಿಸಿದೆ, ಕಣ್ಣು ಎಷ್ಟು ಸೂಕ್ಷ್ಮವಾಗಿದೆ ಎರಡೂ ತಿಳಿಯುತ್ತವೆ.

ಮೊಳೆತ ಕಾಳುಗಳನ್ನು, ಹಲವು ಕೈ ಮುಟ್ಟಿದ್ದರಿಂದ, ತಿನ್ನಲು ಬಿಡಬೇಡಿ. ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಊರಿ, ನಾಲ್ಕೆಲೆ ಬಂದ ಮೇಲೆ ಶಾಲೆಯ ಅಂಗಳದಲ್ಲಿ ಬಿಸಿಲು ಬೀಳುವ ಕಡೆ ನೆಡಿಸಿ, ಕೋಳಿ ಮೇಕೆ ಬಾರದಂತೆ ಸುತ್ತ ಮುಳ್ಳು ಹಾಕಿ. ಹೆಸರು ಸುಮಾರು 60–75 ದಿನಗಳ ಬೆಳೆ. ಜುಲೈ ಮಧ್ಯದಲ್ಲಿ ನೆನೆಹಾಕಿದ್ದರೆ ದಸರಾ ರಜೆಯ ಹೊತ್ತಿಗೆ ಕಾಯಿ ಒಣಗತೊಡಗುತ್ತದೆ. ಆಗ ಆ ಪುಸ್ತಕಗಳನ್ನು ಮತ್ತೆ ಹೊರತೆಗೆಯಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ಕಾಯಿ ಕೊಟ್ಟು, ಬಿಡಿಸುವ ಮುನ್ನ ಒಳಗೆ ಎಷ್ಟು ಕಾಳು ಇದ್ದೀತು ಎಂದು ಖಾಲಿ ಬಿಟ್ಟ ಮೊದಲ ಪುಟದಲ್ಲೂ, ಎಣಿಸಿದ ಮೇಲೆ ಎಷ್ಟು ಇತ್ತು ಎಂದು ಎರಡನೆಯದರಲ್ಲೂ ಬರೆಯಿಸಿ.