ಬದುವಿಗೆ ಬಿದ್ದ ಸಣ್ಣ ಪಾಕೀಟು

ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಮಾಸ್ತರ. ಇಲ್ಲಿ ಬಿಟಿ ಹತ್ತಿಯ, ಅಂದರೆ ಬ್ಯಾಕ್ಟೀರಿಯಾದ ಜೀನ್ ಸೇರಿಸಿ ಕಾಯಿಕೊರಕ ಹುಳಕ್ಕೆ ವಿಷವಾಗುವಂತೆ ಮಾಡಿದ ಹತ್ತಿಯ, ಮಾತೆತ್ತಿದರೆ ತರಗತಿ ಎರಡು ಹೋಳು. ಒಬ್ಬನ ಅಜ್ಜ ಹಸಿರು ಶಾಲಿನವರು. 1998ರಲ್ಲಿ ರಾಯಚೂರು ಕಡೆ ಪ್ರಯೋಗದ ಬೆಳೆಗೆ ರೈತ ಸಂಘದವರು ಬೆಂಕಿ ಇಟ್ಟ ಸುದ್ದಿಯನ್ನು ಇವತ್ತಿಗೂ ಹೇಳುತ್ತಾರಂತೆ. ಇನ್ನೊಬ್ಬಳ ಅಪ್ಪನದು ಬೀಜ, ಗೊಬ್ಬರದ ಅಂಗಡಿ.

ಮೊದಲ ವರ್ಷ ನಮ್ಮಪ್ಪನ ಕಥೆ ಹೇಳಿದೆ. ಬಿಟಿ ಬರುವ ಮುಂಚೆ ಕಾಯಿಕೊರಕಕ್ಕೆ ಕೀಟನಾಶಕ ಹೊಡೆದು ಹೊಡೆದು ರಾತ್ರಿಯಿಡೀ ವಾಂತಿ ಮಾಡಿಕೊಂಡದ್ದು, 2002ರಲ್ಲಿ ಅನುಮತಿ ಸಿಕ್ಕ ಮೇಲೆ ಬಂದ ಬೀಜದಿಂದ ಪಂಪು ಹೊರುವುದು ಕಡಿಮೆಯಾದದ್ದು. ಮಕ್ಕಳು ಬಾಯಿ ತೆರೆದು ಕೇಳಿದರು. ಪಾಠ ಗೆದ್ದಿತು ಅಂದುಕೊಂಡೆ. ಶಾಲೆ ಬಿಟ್ಟ ಮೇಲೆ ಸೈಕಲ್ ಹತ್ತಿರ ಒಬ್ಬ ಹುಡುಗಿ, "ಸರ್, ನಮ್ಮ ಹೊಲದಾಗ ಬಿಟಿನೇ ಹುಳ ತಿಂತ್ರಿ" ಅಂದಳು. ಒಳಗ್ಯಾಕ ಹೇಳಲಿಲ್ಲವ್ವಾ ಅಂದರೆ, "ನಿಮ್ಮ ಅಪ್ಪಾರ ಕಥಿ ಆದಮ್ಯಾಲೆ ಹೆಂಗ ಹೇಳೂದ್ರಿ?"

ಮರುವರ್ಷ ಅಪ್ಪನ ವಾಂತಿ ಬಿಟ್ಟು ಅಪ್ಪನ ತಪ್ಪನ್ನು ಹೇಳಿದೆ. ಆಗ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಮಿನ ಬಿಟಿ ಅಲ್ಲದ ಬೀಜದ ಸಣ್ಣ ಪಾಕೀಟು ಬರುತ್ತಿತ್ತು. ಹೊಲದ ಸುತ್ತ ಊರಬೇಕಾದ್ದು. ಅಪ್ಪ ಅದನ್ನು ಬದುವಿಗೆ ಎಸೆದ. "ಹುಳ ತಿನ್ನೋ ಬೀಜಾನ ಕಂಪನಿಯವ್ರು ಯಾಕ ಕೊಟ್ರು?" ಅಂತ ಕೇಳಿದಾಗ ತರಗತಿ ತಡವರಿಸಿತು. ಇಲ್ಲಿ ತಂದೆ-ತಾಯಿಯ ಗುಣ ಮರಿಗಳಿಗೆ ಹೇಗೆ ಬರುತ್ತದೆ ಅಂತ ತೋರಿಸುವ ಪನೆಟ್ ಚೌಕ ಎಳೆದೆ. ಬಿಟಿಯನ್ನು ತಡೆದುಕೊಳ್ಳುವ ಹುಳದ ಗುಣ ಅಪ್ರಬಲವಾಗಿದ್ದರೆ, ಆ ಗುಣ ತಂದೆ, ತಾಯಿ ಎರಡೂ ಕಡೆಯಿಂದ ಬಂದ ಹುಳವಷ್ಟೇ ಬಿಟಿ ತಿಂದು ಬದುಕುತ್ತದೆ. ಸುತ್ತಲ ಸಾಲಿನಲ್ಲಿ ಬದುಕಿದ ಸಾಮಾನ್ಯ ಪತಂಗ ಅದರ ಜೊತೆ ಕೂಡಿದರೆ ಮರಿಗಳು ಬಿಟಿಗೆ ಸಾಯುತ್ತವೆ. ಸಾಲೇ ಇಲ್ಲದಿದ್ದರೆ? 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಒಂದೇ ಜೀನಿನ ಬಿಟಿಯನ್ನು ಅರಗಿಸಿಕೊಂಡಿತ್ತು.

ಆಮೇಲೆ ಕೈಗಳು ಎದ್ದವು. "ನಮ್ಮಪ್ಪಾನೂ ಚೆಲ್ಲ್ಯಾನ್ರಿ." ಅಂಗಡಿಯವರ ಮಗಳು ಮಾತ್ರ, "ಪಾಕೀಟಿನ ಮ್ಯಾಲೆ ಬರದಿರತೈತಿ, ಯಾರೂ ಓದಂಗಿಲ್ರಿ" ಅಂದಳು.

ಈಗ ಮಕ್ಕಳು ಮನೆಯಿಂದ ಬಿಟಿ ಕಥೆ ತರುವಾಗ ಇನ್ನೊಂದು ಪ್ರಶ್ನೆಗೂ ಉತ್ತರ ತರಲು ಹೇಳುತ್ತೇನೆ: ಕಥೆಯ ಆ ವರ್ಷ ಇನ್ನೇನು ಬದಲಾಗಿತ್ತು? ಮಳೆ, ಗೊಬ್ಬರ, ಹೊಸ ಬೋರ್. ಅಜ್ಜಂದಿರ ಕಥೆಗಳು ಅಲ್ಲೇ ಸಡಿಲಾಗುತ್ತವೆ, ನಮ್ಮಪ್ಪನದೂ. "ಹಂಗಾರ ಬಿಟಿ ಬೇಕೋ ಬ್ಯಾಡೋ?" ಅಂತ ಕೇಳದೆ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಈಗ ಅರ್ಧ ಹೊಲಕ್ಕೆ ಗೋವಿನಜೋಳ ಹಾಕುತ್ತಾರೆ. ಅದನ್ನು ಅವರ ವಾದವೆಲ್ಲ ಮುಗಿದ ಮೇಲಷ್ಟೇ ಹೇಳುತ್ತೇನೆ.