ಸಲೈನ್ ಸುರಿಯೋದು ಬಿಟ್ಟ ಮೇಲೆ ಸೋಡಿಯಂ ಏರಿತು

ಸ್ಮಾಲ್ ಸೆಲ್ ಶ್ವಾಸಕೋಶ ಕ್ಯಾನ್ಸರ್‌ನವರಿಗೆ ರಕ್ತದ ಸೋಡಿಯಂ 118, ಅಂದ್ರೆ ತೀರಾ ಕಡಿಮೆ, ಅಂತ ರಿಪೋರ್ಟ್ ಬಂದ್ರೆ ಕೈ ಮೊದಲು ಹೋಗೋದು ನಾರ್ಮಲ್ ಸಲೈನ್ ಬಾಟಲಿಗೆ. ನಾವೂ ಅದನ್ನೇ ಮಾಡ್ತಿದ್ವಿ. ಎರಡು ಬಾಟಲಿ ಇಳಿದ ಮೇಲೆ 118 ಇದ್ದದ್ದು 115. ಲೆಕ್ಕ ಸರಳ: ಗಡ್ಡೆ ಎಡಿಎಚ್ (ನೀರನ್ನ ದೇಹದೊಳಗೇ ಹಿಡಿದಿಡೋ ಹಾರ್ಮೋನ್) ಬಿಡ್ತಿದ್ದಾಗ ಮೂತ್ರ, ಕರಗಿದ ಕಣಗಳ ಲೆಕ್ಕದಲ್ಲಿ, 600 ಮಿಲಿಆಸ್ಮೋಲ್‌ನಷ್ಟು ಗಟ್ಟಿ. ಲೀಟರ್ ಸಲೈನ್‌ನಲ್ಲಿರೋದು 308. ಆ ಉಪ್ಪೆಲ್ಲ ಅರ್ಧ ಲೀಟರ್ ಮೂತ್ರದಲ್ಲೇ ಆಚೆ ಹೋಗುತ್ತೆ, ಮಿಕ್ಕ ಅರ್ಧ ಲೀಟರ್ ಬರೀ ನೀರಾಗಿ ಒಳಗೆ ಉಳಿಯುತ್ತೆ.

ರಾಯಚೂರಿನ ಮೇ ತಿಂಗಳಲ್ಲಿ ಬೆವರಿ ಉಪ್ಪು ಕಳ್ಕೊಂಡವರೂ ಇದೇ ನಂಬರ್ ಹೊತ್ತು ಬರ್ತಾರೆ. ಮೂತ್ರದ ಸೋಡಿಯಂ 30ರ ಮೇಲೆ, ಯೂರಿಕ್ ಆಸಿಡ್ 4ರ ಕೆಳಗೆ ಇದ್ರೆ ಗಡ್ಡೆ ಕಡೆ ಬೆರಳು ತೋರಿಸಿ; ಆದ್ರೆ ಅದಕ್ಕೂ ಮೊದಲು ಬಿಪಿಗೆ ಥಯಾಜೈಡ್ (ಮೂತ್ರದಲ್ಲಿ ಉಪ್ಪು ಹೋಗಿಸೋ ಮಾತ್ರೆ) ನುಂಗ್ತಿದ್ದಾರಾ ಕೇಳಿ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮತ್ತು ಬೆಳಗಿನ ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನ್) ನೋಡಿ. ಡ್ರಿಪ್ ಓಡ್ತಿರೋ ಕೈಯಿಂದ ರಕ್ತ ತೆಗೆದ್ರೆ ಎಲ್ಲಾ ಲೆಕ್ಕವೂ ಹಾಳು. ಮೂತ್ರದ ಗಟ್ಟಿತನ ಅಳೆಯೋ ಆಸ್ಮೋಮೀಟರ್ ಇಲ್ಲ ಅಂತ ಕೂರಬೇಡಿ. ಮೂತ್ರದ ಸ್ಪೆಸಿಫಿಕ್ ಗ್ರಾವಿಟಿಯ ಕೊನೆಯ ಎರಡಂಕಿಯನ್ನ 30ರಿಂದ ಗುಣಿಸಿದ್ರೆ ಸಾಕು, 1.020 ಅಂದ್ರೆ ಹತ್ತಿರ 600. ಮೂತ್ರದಲ್ಲಿ ಸಕ್ಕರೆ ಇದ್ರೆ, ಸಿಟಿಗೆ ಕಾಂಟ್ರಾಸ್ಟ್ ಕೊಟ್ಟ ದಿನವಾದ್ರೆ ಇದು ಸುಳ್ಳು.

ನಮ್ಮ ದಾರಿ ಬದಲಿಸಿದ್ದು ಒಂದೇ ಭಾಗಾಕಾರ. ಮೂತ್ರದ ಸೋಡಿಯಂಗೆ ಮೂತ್ರದ್ದೇ ಪೊಟ್ಯಾಶಿಯಂ ಕೂಡಿಸಿ ರಕ್ತದ ಸೋಡಿಯಂನಿಂದ ಭಾಗಿಸಿ. 110, 35, ರಕ್ತದಲ್ಲಿ 119: ಬರೋದು 1.2. ಒಂದನ್ನ ದಾಟಿದವರಿಗೆ ನೀರು ಕಟ್ಟಿದ್ದಷ್ಟರಿಂದ, ಅಂದ್ರೆ ಕುಡಿಯೋದಕ್ಕೆ ಮಿತಿ ಹಾಕಿದ್ದಷ್ಟರಿಂದ, ಏನೂ ಆಗಲ್ಲ. ವಾರಗಟ್ಟಲೆ 800 ಮಿ.ಲೀ.ಗೆ ಕಟ್ಟಿಹಾಕಿ ಹಾಸಿಗೆ ಬಾಡಿಗೆ ಬೆಳೆಸಿದ್ದೇ ಬಂತು. ಪರೀಕ್ಷೆಗೆ ಮುನ್ನೂರೋ ನಾನೂರೋ ಖರ್ಚು, ಉಳಿಯೋದು ಸಾವಿರಗಳಲ್ಲಿ. “ಬಿಸಿಲಾಗ ನೀರು ಕುಡೀಬ್ಯಾಡ ಅಂದ್ರ ಹೆಂಗ್ರೀ ಡಾಕ್ಟ್ರ?” ಅನ್ನೋರಿಗೆ 150 ಮಿ.ಲೀ. ಹಿಡಿಯೋ ಸ್ಟೀಲ್ ಲೋಟ, ದಿನಕ್ಕೆ ಐದು. ಅಂಬಲಿ, ಮಜ್ಜಿಗೆ, ಸಾರು ಎಲ್ಲ ಅದರೊಳಗೇ. ಗಂಜಿ ಬಿಟ್ಟು ರೊಟ್ಟಿ ತಿನ್ನಲಿ. ಮನೆಯವರಿಂದ ನಿಜವಾದ ಲೋಟದ ಲೆಕ್ಕ ಹೊರಡಿಸೋ ಉಪಾಯ ಒಂದಿದೆ, ಅದನ್ನ ಎದುರು ಸಿಕ್ಕಾಗ ಹೇಳ್ತೀನಿ.

ಒಂದು ದಾಟಿದವರಿಗೆ ಯೂರಿಯಾ, ಅದು ಮೂತ್ರದ ಜೊತೆ ನೀರನ್ನೂ ಎಳ್ಕೊಂಡು ಹೋಗುತ್ತೆ. ಕಾಲುವೆ ಸೀಮೆಯಲ್ಲಿ ಈ ಹೆಸರೆತ್ತಿದ್ರೆ ಗದ್ದೆಗೆ ಎರಚೋದನ್ನ ಕುಡಿಸ್ತೀರಾ ಅಂತ ರೋಗಿಗಳಿಗಿಂತ ನಮ್ಮವರೇ ನಕ್ಕಿದ್ದು ಹೆಚ್ಚು. ಗೊಬ್ಬರದ್ದಲ್ಲ, ಔಷಧ ದರ್ಜೆಯದ್ದು. ಮೊದಲ ದಿನ 15 ಗ್ರಾಂ, ಆಮೇಲೆ ಎರಡು ಹೊತ್ತು. ಮಜ್ಜಿಗೆಯಲ್ಲಿ ಕಲಸಿ ನೋಡಿದ್ವಿ, ಕಹಿ ಇನ್ನೂ ಎದ್ದು ಬಂತು. ಸಕ್ಕರೆ ಹಾಕಿದ ತಣ್ಣನೆ ನಿಂಬೆ ಶರಬತ್ತು ಅರ್ಧ ಲೋಟದಲ್ಲಾದ್ರೆ ಇಳಿಯುತ್ತೆ. ರಕ್ತದ ಯೂರಿಯಾ ಏರಿದ್ದು ನೋಡಿ ಕಿಡ್ನಿ ಹೋಯ್ತು ಅಂತ ಗಾಬರಿ ಬೇಡ, ಕ್ರಿಯಾಟಿನಿನ್ ನೋಡಿ. ಲಿವರ್ ಸಿರೋಸಿಸ್ ಇದ್ರೆ, ಕಿಡ್ನಿ ಮೊದಲೇ ಕೆಟ್ಟಿದ್ರೆ ಕೊಡಲೇಬೇಡಿ. ಎಡಿಎಚ್ ಕೆಲಸಕ್ಕೆ ತಡೆ ಹಾಕೋ ಟೋಲ್ವಾಪ್ಟಾನ್ ಆದ್ರೆ ಅರ್ಧ ಮಾತ್ರೆ, 7.5 ಮಿ.ಗ್ರಾಂ, ಆ ದಿನ ನೀರು ಕಟ್ಟೋ ಹಾಗಿಲ್ಲ. ಫಿಟ್ಸ್ ಬಂದವರಿಗೆ, ಪ್ರಜ್ಞೆ ತಪ್ಪಿದವರಿಗೆ ಮಾತ್ರ 3% ಸಲೈನ್ 100 ಮಿ.ಲೀ., ಹತ್ತು ನಿಮಿಷದಲ್ಲಿ, ಬೇಕಾದ್ರೆ ಮೂರು ಸಲ. ಸೋಡಿಯಂ 4–6 ಏರಿದ್ರೆ ನಿಲ್ಲಿಸಿ.

ಸ್ಕ್ವಾಮಸ್ ಅನ್ನೋ ಇನ್ನೊಂದು ಬಗೆಯ ಶ್ವಾಸಕೋಶ ಕ್ಯಾನ್ಸರ್‌ನಲ್ಲಿ ಕ್ಯಾಲ್ಶಿಯಂ ಏರಿದಾಗ ಇದೆಲ್ಲ ತಿರುಗುಮುರುಗು: ಅಲ್ಲಿ ನೀರು ಸುರಿಸ್ಬೇಕು, ಇಲ್ಲಿ ಕಟ್ಬೇಕು.

ಸೋಡಿಯಂ 130 ಆಗೋವರೆಗೆ ಕೀಮೋ ಬೇಡ ಅನ್ನೋ ವಾದವನ್ನೂ ಬಿಟ್ವಿ. ಮೂಲ ಇರೋದೇ ಗಡ್ಡೆಯಲ್ಲಿ. ಕೀಮೋ ಔಷಧಗಳಲ್ಲಿ ಸಿಸ್‌ಪ್ಲಾಟಿನ್ ಲೀಟರ್‌ಗಟ್ಟಲೆ ಸಲೈನ್ ಕೇಳುತ್ತೆ, ತಾನೂ ಕಿಡ್ನಿಯಿಂದ ಉಪ್ಪು ಹೊರಹಾಕಿಸುತ್ತೆ, ಅದಕ್ಕೆ ಕಾರ್ಬೋಪ್ಲಾಟಿನ್. ಅದರ 250 ಮಿ.ಲೀ. ಡೆಕ್ಸ್‌ಟ್ರೋಸನ್ನೂ ನೀರಿನ ಲೆಕ್ಕಕ್ಕೆ ಹಿಡೀರಿ. ನೀರು ಉಳಿಸ್ತೀನಿ ಅಂತ ಜೊತೆಗೆ ಕೊಡೋ ಎಟೊಪೊಸೈಡ್ 150 ಮಿ.ಗ್ರಾಂ ಅನ್ನ 250 ಮಿ.ಲೀ.ಗೆ ಹಾಕಿದ್ರೆ ಬಾಟಲಿಯಲ್ಲೇ ಹರಳು ಕಟ್ಟೋ ಅಪಾಯ, ಮಿ.ಲೀ.ಗೆ 0.4 ಮಿ.ಗ್ರಾಂ ದಾಟಬಾರದು, 500 ಬೇಕೇ ಬೇಕು. ಎಟೊಪೊಸೈಡ್ ಕೊಡೋ ಆ ಮೂರು ದಿನ ಯೂರಿಯಾ ತಪ್ಪಿಸೋ ಹಾಗಿಲ್ಲ.

ಏರೋಕೆ ಶುರುವಾದ್ಮೇಲೆ ಭಯ ಇನ್ನೊಂದು. ವಾಂತಿ ನಿಂತ್ರೂ ಸಾಕು, ಎಡಿಎಚ್ ಇಳಿದು ಮೂತ್ರ ಧಾರಾಳವಾಗಿ ಹೋಗುತ್ತೆ, ಸೋಡಿಯಂ ಜಿಗಿಯುತ್ತೆ. 24 ಗಂಟೆಗೆ 8 ದಾಟಿದ್ರೆ ಮಿದುಳಿಗೆ ಕುತ್ತು, ಅದೂ ಸೊರಗಿದ ದೇಹಕ್ಕೆ. ಯೂರಿಯಾ ನಿಲ್ಲಿಸಿ, ಡೆಸ್ಮೋಪ್ರೆಸಿನ್ (ಎಡಿಎಚ್ ತರಹವೇ ಕೆಲಸ ಮಾಡೋ ಔಷಧ) 2 ಮೈಕ್ರೋಗ್ರಾಂ, ಜೊತೆಗೆ 5% ಡೆಕ್ಸ್‌ಟ್ರೋಸ್. ರಾತ್ರಿ ಪಾಳಿಗೆ ಕೇಸ್ ಶೀಟ್ ಮೇಲೆ ಕೆಂಪು ಪೆನ್ನಲ್ಲಿ ಬರೆದಿಡ್ತೀವಿ: ಮೂತ್ರ ಗಂಟೆಗೆ 100 ಮಿ.ಲೀ. ದಾಟಿದ್ರೆ ಸೋಡಿಯಂ ಕಳಿಸಿ, ನಮ್ಮನ್ನ ಎಬ್ಬಿಸಿ.