ಎಸ್ಟೇಟ್ ಸರ್ವರಿನ ವೈರಸ್ ಕಾವಲು: ಏಳುವ ಕ್ರಮ, ನಿಲ್ಲುವ ಕ್ರಮ

ಸೋಮವಾರಪೇಟೆ ಕಡೆಯ ಒಂದು ಕಾಫಿ ಎಸ್ಟೇಟ್ ಕಚೇರಿಯ ಫೈಲ್ ಸರ್ವರನ್ನು ನೋಡಿಕೊಳ್ಳುವ ಕೆಲಸ ನನ್ನದು. ಚೆಕ್‌ರೋಲ್ (ಕಾರ್ಮಿಕರ ಹಾಜರಿ ಪಟ್ಟಿ), ಬೋನಸ್ ಲೆಕ್ಕ, ಕ್ಯೂರಿಂಗ್‌ಗೆ ಕಳುಹಿಸಿದ ಪಾರ್ಚ್‌ಮೆಂಟಿನ (ಒಳಸಿಪ್ಪೆ ಸಹಿತ ಒಣಗಿಸಿದ ಕಾಫಿ ಬೀಜ) ತೂಕದ ಪಟ್ಟಿ ಎಲ್ಲವೂ ಡೆಬಿಯನ್ ಲಿನಕ್ಸ್ ಹಾಕಿದ ಆ ಒಂದೇ ಯಂತ್ರದಿಂದ, ಫೈಲ್ ಹಂಚುವ ಸೇವೆಯಾದ ಸಾಂಬಾ ಮೂಲಕ ಹಂಚಿಕೆಯಾಗುತ್ತವೆ. ರೈಟರುಗಳ (ಎಸ್ಟೇಟ್ ಗುಮಾಸ್ತರ) ಪೆನ್‌ಡ್ರೈವ್‌ನಿಂದ ಬರುವ ಫೈಲುಗಳನ್ನು ಪರೀಕ್ಷಿಸಲು ಕ್ಲಾಮ್‌ಎವಿ ಎಂಬ ವೈರಸ್ ನಿರೋಧಕ ತಂತ್ರಾಂಶದ ಎರಡು ಸೇವೆಗಳು ಹಿನ್ನೆಲೆಯಲ್ಲಿ ಓಡುತ್ತಿರುತ್ತವೆ: ಫೋಲ್ಡರಿನ ಮೇಲೆ ಕಣ್ಣಿಟ್ಟಿರುವುದು ಕ್ಲಾಮ್‌ಆನ್‌ಆಕ್, ಫೈಲನ್ನು ಪರೀಕ್ಷಿಸಿ ತೀರ್ಪು ಕೊಡುವುದು ಕ್ಲಾಮ್‌ಡಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಮಾಮೂಲಾದ್ದರಿಂದ, ಈ ಸೇವೆಗಳು ಹೇಗೆ ಏಳುತ್ತವೆ, ಹೇಗೆ ನಿಲ್ಲುತ್ತವೆ ಎಂಬುದನ್ನು ನಾನೇ ಕೂತು ನಿಗದಿಪಡಿಸಬೇಕಾಯಿತು.

ಕ್ಲಾಮ್‌ಡಿ ತನ್ನ ವೈರಸ್ ಗುರುತುಗಳನ್ನೆಲ್ಲ ಮೆಮೊರಿಗೆ ತುಂಬಿಕೊಳ್ಳುತ್ತದೆ. ಅದಕ್ಕೆ 1 ಜಿಬಿಗಿಂತ ಹೆಚ್ಚು ಜಾಗ ಬೇಕು, ನಮ್ಮ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಒಂದು ನಿಮಿಷಕ್ಕೂ ಮೀರಿ ಸಮಯ ಹಿಡಿಯುತ್ತದೆ. ಆದರೆ ಕ್ಲಾಮ್‌ಡಿಯಂಥ ‘ಸಿಂಪಲ್’ ಬಗೆಯ ಸೇವೆಯಾದರೆ, ಪ್ರೋಸೆಸ್ ಹುಟ್ಟಿದ ಕ್ಷಣವೇ ಅದು ಆರಂಭವಾಯಿತೆಂದು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಏಳಿಸುವ, ನಿಲ್ಲಿಸುವ ವ್ಯವಸ್ಥೆ) ಲೆಕ್ಕ ಹಾಕುತ್ತದೆ. ಆದ್ದರಿಂದ ಕ್ಲಾಮ್‌ಆನ್‌ಆಕ್‌ಗೆ ಕೇವಲ ‘ಆಫ್ಟರ್’ (ಇಂಥದ್ದರ ನಂತರ ಏಳು) ಸಾಲು ಬರೆದರೆ ಸಾಲದು. ಅದರ ‘ಎಕ್ಸೆಕ್‌ಸ್ಟಾರ್ಟ್‌ಪ್ರೀ’ (ಸೇವೆ ಏಳುವ ಮುನ್ನ ಮಾಡಬೇಕಾದ ಕೆಲಸ) ಸಾಲಿನಲ್ಲಿ, ಕ್ಲಾಮ್‌ಡಿಯನ್ನು ಮಾತಾಡಿಸುವ ಕ್ಲಾಮ್‌ಡಿಸ್ಕ್ಯಾನ್ ಆದೇಶವನ್ನು ಪಿಂಗ್ ಆಯ್ಕೆಯೊಂದಿಗೆ ಸೇರಿಸಿ, 60:2 ಎಂದು ಕೊಟ್ಟೆ, ಅಂದರೆ ಉತ್ತರ ಬರುವವರೆಗೆ ಎರಡು ಸೆಕೆಂಡಿಗೊಮ್ಮೆ, ಗರಿಷ್ಠ 60 ಸಲ ವಿಚಾರಿಸುವುದು. ಈ ಕಾಯುವಿಕೆ 120 ಸೆಕೆಂಡು ತಲುಪಬಹುದು, ಸಿಸ್ಟಮ್‌ಡಿಯ ಸಹಜ ಗಡುವು 90 ಸೆಕೆಂಡು ಮಾತ್ರ. ಹಾಗಾಗಿ ‘ಟೈಮ್‌ಔಟ್‌ಸ್ಟಾರ್ಟ್‌ಸೆಕ್’ (ಏಳುವ ಗಡುವು) ಅನ್ನು 180ಕ್ಕೆ ಏರಿಸಿದೆ. ಇವೆಲ್ಲವನ್ನೂ, ಬದಲಾವಣೆಗಳನ್ನು ಬೇರೆ ಫೈಲಿನಲ್ಲಿ ಇಡುವ ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಮೂಲಕವೇ ಬರೆದಿದ್ದೇನೆ. ಪ್ಯಾಕೇಜ್ ಅಪ್‌ಡೇಟ್ ಆದರೂ ಆ ಸಾಲುಗಳು ಅಳಿಯುವುದಿಲ್ಲ.

ಇಂಟರ್ನೆಟ್ ಬರುವವರೆಗೆ ಕಾವಲು ಸೇವೆಯನ್ನು ಕಾಯಿಸುವ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ನೆಟ್ ಬೇಕಿರುವುದು ಹೊಸ ಗುರುತುಗಳನ್ನು ತರುವ ಫ್ರೆಶ್‌ಕ್ಲಾಮ್‌ಗೆ ಮಾತ್ರ. ಭಾರಿ ಮಳೆಯ ಆಟಿ ತಿಂಗಳಲ್ಲಿ ಫೈಬರ್ ಕಡಿದು ದಿನಗಟ್ಟಲೆ ನೆಟ್ ಇಲ್ಲದಿದ್ದರೂ ಪೆನ್‌ಡ್ರೈವ್‌ಗಳು ಬರುತ್ತಲೇ ಇರುತ್ತವೆ.

ಸಾಂಬಾಗೆ ಕ್ಲಾಮ್‌ಆನ್‌ಆಕ್‌ನ ನಂತರವೇ ಏಳುವಂತೆ ‘ಆಫ್ಟರ್’ ಬರೆದಿದ್ದೇನೆ. ಯಂತ್ರ ಆರುವಾಗ ಸಿಸ್ಟಮ್‌ಡಿ ಇದೇ ಕ್ರಮವನ್ನು ತಿರುಗಿಸಿ ಅನುಸರಿಸುತ್ತದೆ: ಮೊದಲು ಸಾಂಬಾ ನಿಲ್ಲುತ್ತದೆ, ನಂತರ ಕ್ಲಾಮ್‌ಆನ್‌ಆಕ್, ಕೊನೆಗೆ ಕ್ಲಾಮ್‌ಡಿ. ಹೀಗಾಗಿ ಯಂತ್ರ ಏಳುವಾಗಲೂ ಆರುವಾಗಲೂ ಕಾವಲಿಲ್ಲದ ಹೊತ್ತಿನಲ್ಲಿ ಹಂಚಿಕೆ ತೆರೆದಿರುವುದಿಲ್ಲ. ‘ವಾಂಟ್ಸ್’ (ಇದ್ದರೆ ಒಳ್ಳೆಯದು) ಬದಲು ‘ರಿಕ್ವೈರ್ಸ್’ (ಇರಲೇಬೇಕು) ಆರಿಸಿದ್ದರಿಂದ ಕ್ಲಾಮ್‌ಆನ್‌ಆಕ್ ಏಳದಿದ್ದರೆ ಸಾಂಬಾ ಕೂಡ ಏಳುವುದಿಲ್ಲ. ಬಟವಾಡೆಯ ದಿನ ಇದು ಕಿರಿಕಿರಿಯೇ, ಆದರೂ ಆ ಆಯ್ಕೆಯನ್ನು ನಾನು ಬದಲಿಸಿಲ್ಲ. ಕಾವಲು ಸೇವೆಯನ್ನು ನಾವಾಗಿ ರೀಸ್ಟಾರ್ಟ್ ಮಾಡಿದರೆ ಸಾಂಬಾ ಸಹ ರೀಸ್ಟಾರ್ಟ್ ಆಗುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ನಿಲ್ಲಿಸುವ ಗಡುವಿನ ವಿಷಯದಲ್ಲಿ ಯುಪಿಎಸ್ ಬ್ಯಾಟರಿಯೇ ಯಜಮಾನ. ನಾವು ಬೇರೆ ಗಡುವು ಕೊಡದಿದ್ದರೆ ಸಿಸ್ಟಮ್‌ಡಿ ಪ್ರತಿ ಸೇವೆಗೂ 90 ಸೆಕೆಂಡು ಕಾದು, ಆಮೇಲೆ ಬಲವಂತವಾಗಿ ಕೊಲ್ಲುತ್ತದೆ. ಕ್ಲಾಮ್‌ಡಿಯ ಬಳಿ ಉಳಿಸಿಕೊಳ್ಳಬೇಕಾದ ದತ್ತಾಂಶ ಏನೂ ಇಲ್ಲ. ಆದ್ದರಿಂದ ಅದಕ್ಕೆ 15 ಸೆಕೆಂಡು ಸಾಕೆಂದು ನಿಗದಿ ಮಾಡಿದೆ. ಅರ್ಧ ಬರೆದ ಲೆಕ್ಕದ ಫೈಲು ಇರಬಹುದಾದ ಸಾಂಬಾದ ಗಡುವನ್ನು ಮುಟ್ಟಲಿಲ್ಲ. ಪ್ರತಿ ಪವರ್‌ಕಟ್ಟಿನ ನಂತರ ‘ಜರ್ನಲ್‌ಸಿಟಿಎಲ್ -ಬಿ -1’ ಕೊಟ್ಟು ಹಿಂದಿನ ಬೂಟಿನ ಕೊನೆಯ ಸಾಲುಗಳನ್ನು ನೋಡುತ್ತೇನೆ. ಸಾಂಬಾ ನಿಂತ ಸಾಲಿನ ಕೆಳಗೆ ಕ್ಲಾಮ್‌ಡಿ ನಿಂತ ಸಾಲು ಕಂಡರೆ ಅಂದಿಗೆ ಬೇರೆ ಏನನ್ನೂ ಮುಟ್ಟುವುದಿಲ್ಲ.